ಕಾಲು ನೆಲಕ್ಕೆ ಎಟಕುವ ಆಳದಲ್ಲಿ

ಈಜು ಕಲಿಯಲು ಬರುವ ದೊಡ್ಡವರು ಮೊದಲ ದಿನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಎಷ್ಟು ದಿನದಲ್ಲಿ ಕಲಿಯಬಹುದು, ಈ ವಯಸ್ಸಿನಲ್ಲಿ ಸಾಧ್ಯವೇ, ಈ ತುದಿಯಲ್ಲಿ ಆಳ ಎಷ್ಟಿದೆ, ನೀವು ಪಕ್ಕದಲ್ಲೇ ಇರುತ್ತೀರಲ್ಲವೇ. ಇವಕ್ಕೆಲ್ಲ ಉತ್ತರ ಕೊಡುವುದು ಸುಲಭ. ಆದರೆ ಇವುಗಳ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಇದು ನನ್ನಂಥವರಿಂದ ಆಗುವ ಕೆಲಸವೇ ಎಂಬುದು ಆ ಪ್ರಶ್ನೆ. 'ಖಂಡಿತ ಆಗುತ್ತದೆ' ಎಂದು ನಾನು ಎಷ್ಟೇ ಉತ್ಸಾಹದಿಂದ ಹೇಳಿದರೂ ಅವರು ನಂಬುವುದಿಲ್ಲ, ನಂಬಬೇಕಾದ ಕಾರಣವೂ ಅವರಿಗಿಲ್ಲ. ಐದು ನಿಮಿಷದ ಹಿಂದೆ ಭೇಟಿಯಾದ ಮನುಷ್ಯನೊಬ್ಬ ಕೊಡುವ ಭರವಸೆಗೆ ಏನು ಆಧಾರವಿದ್ದೀತು?

ಒಬ್ಬರ ಆತ್ಮವಿಶ್ವಾಸವನ್ನು ಇನ್ನೊಬ್ಬರು ಕೈಯಲ್ಲಿಟ್ಟು ಕೊಡಲಾಗುವುದಿಲ್ಲ ಎಂಬುದು ಇಷ್ಟು ವರ್ಷ ನೀರಿನ ಅಂಚಿನಲ್ಲಿ ನಿಂತ ಮೇಲೆ ನನಗೆ ಖಚಿತವಾಗಿರುವ ಸಂಗತಿ. ಅದು ಕಲಿಯುವವರೇ ತಮ್ಮ ಬಗ್ಗೆ ತಾವೇ ಒಂದೊಂದಾಗಿ ಕೂಡಿಸಿಕೊಳ್ಳುವ ಪುರಾವೆ. ಆ ಪುರಾವೆ ಸಿಗುವಂತಹ ಸಂದರ್ಭಗಳನ್ನು ಸರಿಯಾದ ಕ್ರಮದಲ್ಲಿ, ಸರಿಯಾದ ಗಾತ್ರದಲ್ಲಿ ಜೋಡಿಸಿಕೊಡುವುದಷ್ಟೇ ತರಬೇತುದಾರನ ಕೆಲಸ. ಕೇಳುವುದಕ್ಕೆ ಇದು ಸಣ್ಣ ಕೆಲಸದಂತೆ ಕಾಣಬಹುದು. ನನಗಂತೂ ಒಂದು ಜೀವಮಾನಕ್ಕೆ ಸಾಲುವಷ್ಟು ದೊಡ್ಡದಾಗಿ ಕಂಡಿದೆ.

ನಾನು ಈ ಕೆಲಸಕ್ಕೆ ಬಂದದ್ದು ಯಾವ ಸಂಕಲ್ಪ ಮಾಡಿಕೊಂಡೂ ಅಲ್ಲ. ಸ್ಪರ್ಧೆಗಾಗಿ ಈಜುತ್ತಿದ್ದ ಕಾಲ ಮುಗಿಯುತ್ತ ಬಂದಿತ್ತು. ನನ್ನ ಸಮಯ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿತ್ತು, ಮುಂದೇನು ಎಂಬುದು ಗೊತ್ತಾಗುವವರೆಗೆ ಬೆಳಗಿನ ಹೊತ್ತು ಹೊಸಬರಿಗೆ ಕಲಿಸುವುದೆಂದು ಒಪ್ಪಿಕೊಂಡೆ. ಈಜುಗಾರನಾಗಿ ನಾನು ಮಧ್ಯಮ ದರ್ಜೆಯವನು. ಅದು ಕಲಿಸುವವನಾಗಿ ನನಗೆ ಒದಗಿದ ದೊಡ್ಡ ಲಾಭ ಎಂದು ಈಗ ಅನಿಸುತ್ತದೆ. ನೀರು ತಾನಾಗಿಯೇ ಒಲಿದವರಿಗೆ ತಾವು ಏನು ಮಾಡುತ್ತಿದ್ದೇವೆ ಎಂದು ಬಿಡಿಸಿ ನೋಡುವ ಅಗತ್ಯವೇ ಬಂದಿರುವುದಿಲ್ಲ. ಅವರನ್ನು ಕೇಳಿದರೆ 'ಸುಮ್ಮನೆ ಮೈ ಸಡಿಲ ಬಿಡಿ' ಎನ್ನುತ್ತಾರೆ. ಮೈ ಸಡಿಲ ಬಿಡುವುದು ಹೇಗೆಂದು ಗೊತ್ತಿದ್ದರೆ ಎದುರಿಗಿರುವವರು ಕಲಿಯಲು ಬರುತ್ತಲೇ ಇರಲಿಲ್ಲ. ಪ್ರತಿಯೊಂದು ಅಂಶವನ್ನೂ ಕಷ್ಟಪಟ್ಟು, ತುಂಡು ತುಂಡಾಗಿ ಕಲಿತ ನನಗೆ ಆ ತುಂಡುಗಳು ಎಲ್ಲಿ ಜೋಡಿಕೊಳ್ಳುತ್ತವೆ ಎಂಬುದು ನೆನಪಿತ್ತು.

ಇದೇ ನನ್ನ ಬದುಕಿನ ಕೆಲಸ ಎಂದು ತಿಳಿದ ಘಳಿಗೆ ಯಾವುದು ಎಂದು ಆಗಾಗ ಜನ ಕೇಳುತ್ತಾರೆ. ಅಂತಹ ಒಂದು ಘಳಿಗೆ ಇರಲಿಲ್ಲ. ಊಟಕ್ಕೆ ಕುಳಿತಾಗಲೂ ಒಬ್ಬರ ಎಡಗಡೆಯ ಉಸಿರಾಟ ಏಕೆ ಲಯ ತಪ್ಪುತ್ತಿದೆ ಎಂದು ಯೋಚಿಸುತ್ತಿದ್ದೇನೆ, ನನ್ನ ಸ್ವಂತ ಸಮಯದ ಬಗ್ಗೆ ಯೋಚಿಸಿ ಎಷ್ಟೋ ಕಾಲವಾಗಿದೆ ಎಂಬುದು ನಿಧಾನವಾಗಿ ಗಮನಕ್ಕೆ ಬಂತು, ಅಷ್ಟೇ. 1997ರಲ್ಲಿ ಏಮಿ ರೆಜ್ನೆಸ್ಕಿ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನವೊಂದು ಜನ ತಮ್ಮ ಕೆಲಸವನ್ನು ಮೂರು ಬಗೆಯಲ್ಲಿ ಕಾಣುತ್ತಾರೆ ಎಂದು ಹೇಳಿತು: ಸಂಬಳಕ್ಕಾಗಿ ಮಾಡುವ ಉದ್ಯೋಗವಾಗಿ, ಮೇಲೇರುವ ವೃತ್ತಿಯಾಗಿ, ಅಥವಾ ಬದುಕಿನಿಂದ ಬೇರ್ಪಡಿಸಲಾಗದ ಕರೆಯಾಗಿ. ಅದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಬೇರೊಂದು ವಿವರ. ಒಂದೇ ಕಚೇರಿ ಸಹಾಯಕ ಹುದ್ದೆಯಲ್ಲಿದ್ದವರನ್ನು ಪ್ರತ್ಯೇಕವಾಗಿ ನೋಡಿದಾಗಲೂ ಅವರು ಈ ಮೂರು ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದರು. ಅಂದರೆ ಕರೆ ಎಂಬುದು ಕೆಲಸದ ಹೆಸರಿನಲ್ಲಿ ಅಡಗಿಲ್ಲ. ತರಬೇತಿಯನ್ನು ಬರೀ ಸಂಬಳಕ್ಕಾಗಿ ಅಚ್ಚುಕಟ್ಟಾಗಿ ಮಾಡುವ ಒಳ್ಳೆಯ ತರಬೇತುದಾರರನ್ನು ನಾನು ಕಂಡಿದ್ದೇನೆ. ಅವರ ಬಗ್ಗೆ ನನಗೆ ಯಾವ ತಾತ್ಸಾರವೂ ಇಲ್ಲ.

ಕರೆಯನ್ನು ಹುಡುಕಿಕೊಳ್ಳಬೇಕು ಎಂಬ ಈಗಿನ ಉಪದೇಶದ ಬಗ್ಗೆ ಮಾತ್ರ ನನಗೆ ಅನುಮಾನವಿದೆ. ಪಾಲ್ ಓಕೀಫ್, ಕ್ಯಾರೊಲ್ ಡ್ವೆಕ್ ಮತ್ತು ಗ್ರೆಗ್ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳಿಗೆ ಕಪ್ಪು ರಂಧ್ರಗಳ ಕುರಿತ ಆಕರ್ಷಕ ವೀಡಿಯೊ ಒಂದನ್ನು ತೋರಿಸಿ, ಬಳಿಕ ಅದೇ ವಿಷಯದ ಮೇಲಿನ ಕಠಿಣ ಲೇಖನ ಓದಲು ಕೊಡಲಾಯಿತು. ಆಸಕ್ತಿಯೆಂಬುದು ಮೊದಲೇ ಒಳಗಿರುತ್ತದೆ, ಅದು ಸಿಗಬೇಕಷ್ಟೇ ಎಂಬ ನಂಬಿಕೆಯತ್ತ ವಾಲಿದವರ ಉತ್ಸಾಹ ಲೇಖನ ಕಠಿಣವಾದ ಕೂಡಲೇ ಹೆಚ್ಚು ಇಳಿಯಿತು. ಆಸಕ್ತಿ ಬೆಳೆಯುವಂಥದ್ದು ಎಂದುಕೊಂಡವರದು ಅಷ್ಟಾಗಿ ಇಳಿಯಲಿಲ್ಲ. ನನ್ನ ಕೆಲಸದಲ್ಲಿ ಆ ಕಠಿಣ ಲೇಖನ ಬರುವುದು ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ. ಹೊಸತನ ಹೋಗಿರುತ್ತದೆ, ಗುಂಪುಗಳೆಲ್ಲ ಒಂದೇ ರೀತಿ ಕಾಣತೊಡಗುತ್ತವೆ, ಬೆಳಗಿನ ಚಳಿಯಲ್ಲಿ ಅದೇ ಮಾತನ್ನು ಅದೇ ಧ್ವನಿಯಲ್ಲಿ ಹೇಳಬೇಕಾಗುತ್ತದೆ. ಅಲ್ಲಿಂದ ಮುಂದಕ್ಕೆ ಹೋದವರಿಗೇ ಈ ಗುಂಪುಗಳು ಒಂದೇ ರೀತಿ ಇಲ್ಲವೆಂಬುದು ಕಾಣುವುದು.

ನೀರಿನ ಭಯ ಎಂದು ನಾವು ಒಂದೇ ಹೆಸರಿಟ್ಟು ಕರೆಯುವುದರಲ್ಲಿ ಹಲವು ಭಯಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಮನಸ್ಸಿಗಿಂತ ದೇಹದಲ್ಲೇ ಇರುತ್ತದೆ. ಹೊಸಬರು ಮುಖವನ್ನು ನೀರಿಗಿಟ್ಟ ಕೂಡಲೇ ಉಸಿರು ಬಿಗಿಹಿಡಿಯುತ್ತಾರೆ. ಉಸಿರು ಹಿಡಿದಷ್ಟೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಉಸಿರಾಡಬೇಕೆಂಬ ತಹತಹವನ್ನು ಹುಟ್ಟಿಸುವುದು ಮುಖ್ಯವಾಗಿ ಆ ಏರಿಕೆಯೇ. ಆಮ್ಲಜನಕ ಇನ್ನೂ ಸಾಕಷ್ಟಿರುವಾಗಲೇ ಉಸಿರು ಕಟ್ಟಿದಂತೆ ಭಾಸವಾಗುವುದು ಇದರಿಂದ. ಆಗ ಅವರು ತಲೆಯನ್ನು ಒಮ್ಮೆಗೇ ಮೇಲೆತ್ತಿ, ಸಿಕ್ಕ ಒಂದು ಕ್ಷಣದಲ್ಲೇ ಹಳೆಯ ಗಾಳಿಯನ್ನು ಹೊರಹಾಕಿ ಹೊಸ ಗಾಳಿಯನ್ನೂ ಒಳಗೆಳೆಯಲು ಪ್ರಯತ್ನಿಸುತ್ತಾರೆ. ಎರಡೂ ಅರ್ಧಂಬರ್ಧವಾಗುತ್ತವೆ. ತಲೆ ಎತ್ತಿದ್ದರಿಂದ ಸೊಂಟ, ಕಾಲುಗಳು ಕೆಳಗಿಳಿಯುತ್ತವೆ, ಇಳಿದ ಕಾಲುಗಳು 'ಮುಳುಗುತ್ತಿದ್ದೇನೆ' ಎಂಬ ಸುದ್ದಿಯನ್ನು ಮೆದುಳಿಗೆ ಕಳಿಸುತ್ತವೆ. ಈ ಸುದ್ದಿ ಸುಳ್ಳೂ ಅಲ್ಲ. ಇಷ್ಟೆಲ್ಲ ನಡೆಯುತ್ತಿರುವಾಗ ದಡದಲ್ಲಿ ನಿಂತವನು 'ಹೆದರಬೇಡಿ' ಎಂದು ಕೂಗಿದರೆ ಅದರಿಂದ ಯಾವ ಪ್ರಯೋಜನವಿದೆ? ಅವರು ಹೆದರಿಕೊಂಡಿದ್ದು ತಪ್ಪೇ ಅಲ್ಲ. ಅವರ ದೇಹ ಕೊಟ್ಟ ಮಾಹಿತಿಗೆ ಅದು ಸರಿಯಾದ ಪ್ರತಿಕ್ರಿಯೆ. ಬದಲಾಗಬೇಕಾದದ್ದು ಮಾಹಿತಿ.

ಆದ್ದರಿಂದ ನನ್ನ ಪಾಠ ಶುರುವಾಗುವುದು ಉಸಿರು ಬಿಡುವುದರಿಂದ. ಎದೆಮಟ್ಟದ ನೀರಿನಲ್ಲಿ ನಿಂತು, ಗೋಡೆಯ ಹಿಡಿ ಹಿಡಿದುಕೊಂಡು, ಬಾಯಿಯನ್ನಷ್ಟೇ ನೀರಿಗಿಟ್ಟು ಗುಳ್ಳೆ ಬಿಡುವುದು. ಆಮೇಲೆ ಮೂಗು, ಆಮೇಲೆ ಕಣ್ಣು, ಆಮೇಲೆ ಇಡೀ ಮುಖ. ನೀರೊಳಗೆ ನಿಧಾನವಾಗಿ, ಪೂರ್ತಿಯಾಗಿ ಉಸಿರು ಬಿಟ್ಟವರಿಗೆ ಮೇಲೆ ಬಂದಾಗ ಮಾಡಬೇಕಾದ ಕೆಲಸ ಒಂದೇ ಉಳಿದಿರುತ್ತದೆ. ಈ ಪುಟ್ಟ ಅಭ್ಯಾಸವನ್ನು ಒಂದಿಡೀ ತರಗತಿಯುದ್ದಕ್ಕೂ ಮಾಡಿಸಿದರೆ ಕೆಲವರಿಗೆ ಬೇಸರವಾಗುತ್ತದೆ. ಆಗಲಿ ಎಂದು ಬಿಡುತ್ತೇನೆ. ನೀರಿನಲ್ಲಿ ಬೇಸರ ಬಂತೆಂದರೆ ಅಲ್ಲಿ ಭಯ ಇಲ್ಲವೆಂದೇ ಅರ್ಥ. ಮೊದಲ ದಿನದ ಮಟ್ಟಿಗೆ ಅದು ಕಡಿಮೆ ಸಾಧನೆಯಲ್ಲ.

ಅದಾದ ಮೇಲಿನ ಹೆಜ್ಜೆ ತೇಲುವುದೆಂದು ಹೆಚ್ಚಿನವರು ಭಾವಿಸುತ್ತಾರೆ. ನನ್ನ ಕ್ರಮದಲ್ಲಿ ಅದಕ್ಕೂ ಮೊದಲು ಇನ್ನೊಂದಿದೆ, ಮತ್ತು ಇಡೀ ಕಲಿಕೆಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಯಾವುದೂ ಇಲ್ಲವೆಂದು ನಾನು ತಿಳಿದಿದ್ದೇನೆ: ತೇಲುತ್ತಿರುವ ಸ್ಥಿತಿಯಿಂದ ಮತ್ತೆ ಎದ್ದು ನಿಲ್ಲುವುದು. ನೆಲದ ಮೇಲೆ ಎದ್ದು ನಿಲ್ಲುವುದನ್ನು ಯಾರೂ ನಮಗೆ ಪಾಠ ಮಾಡಿ ಕಲಿಸಿಲ್ಲ. ಹಾಗಾಗಿ ನೀರಿನಲ್ಲೂ ಅದು ತಾನಾಗಿಯೇ ಬರುತ್ತದೆ ಎಂಬ ಭಾವನೆಯಿದೆ. ಬರುವುದಿಲ್ಲ. ಮುಖ ಕೆಳಗಾಗಿ ಚಾಚಿಕೊಂಡಿರುವವರು ನೇರವಾಗಿ ಕಾಲನ್ನು ಕೆಳಗೊತ್ತಲು ಹೋದರೆ ಕಾಲು ಇಳಿಯುವುದಿಲ್ಲ, ಸೊಂಟ ಹೊರಳುತ್ತದೆ, ನೆಲ ಒಂದಡಿಯ ದೂರದಲ್ಲಿದ್ದರೂ ಸಿಗುವುದಿಲ್ಲ. ಮೊಣಕಾಲುಗಳನ್ನು ಮೊದಲು ಎದೆಯ ಕಡೆಗೆ ಮಡಚಿಕೊಳ್ಳಬೇಕು, ಚಾಚಿದ ಕೈಗಳಿಂದ ನೀರನ್ನು ಕೆಳಕ್ಕೆ ಒತ್ತಬೇಕು, ದೇಹ ನೆಟ್ಟಗಾಗುತ್ತಿದ್ದಂತೆ ಪಾದಗಳನ್ನು ನೆಲಕ್ಕೆ ಊರಬೇಕು, ತಲೆ ಎತ್ತುವುದು ಕೊನೆಗೆ. ಬೆನ್ನ ಮೇಲೆ ತೇಲುವಾಗಲೂ ಮೊಣಕಾಲು ಮಡಚುವುದರಿಂದಲೇ ಶುರು, ಗಲ್ಲವನ್ನು ಎದೆಗೆ ತಂದು ಕೈಗಳಿಂದ ನೀರನ್ನು ಮುಂದಕ್ಕೆ ಎಳೆದುಕೊಳ್ಳುವುದಷ್ಟೇ ವ್ಯತ್ಯಾಸ. ಈ ಕ್ರಮ ಮೈಗೆ ಹತ್ತಿದ ಮೇಲೆ ತೇಲುವುದನ್ನು ಪ್ರತ್ಯೇಕವಾಗಿ ಕಲಿಸಬೇಕಾದ ಕೆಲಸ ಬಹಳ ಉಳಿಯುವುದಿಲ್ಲ. ಶ್ವಾಸಕೋಶದ ತುಂಬ ಗಾಳಿ ಇದ್ದಾಗ ಹೆಚ್ಚಿನವರ ದೇಹ ನೀರಿಗಿಂತ ತುಸು ಹಗುರವೇ ಆಗಿರುತ್ತದೆ. ನೀರು ಎತ್ತಿಹಿಡಿಯಲು ಸಿದ್ಧವಾಗಿಯೇ ಇರುತ್ತದೆ. ಇಷ್ಟು ಹೊತ್ತು ಅಡ್ಡಿಯಾಗಿದ್ದುದು ಹಿಂದಿರುಗುವ ದಾರಿ ಗೊತ್ತಿಲ್ಲದ ದೇಹದ ಬಿಗಿತ ಮಾತ್ರ.

ಈ ಒಂದು ಸಂಗತಿಯನ್ನು ನಾನು ಈಜಿನಾಚೆಗೂ ಕಂಡಿದ್ದೇನೆ. ವೇದಿಕೆಯ ಮೇಲೆ ಮಾತನಾಡಲು ಹೆದರುವವರ ನಿಜವಾದ ಆತಂಕ ಮಾತು ಶುರು ಮಾಡುವುದರ ಬಗ್ಗೆ ಇರುವುದು ಕಡಿಮೆ. ನಡುವೆ ಮಾತು ಮರೆತರೆ ಮತ್ತೆ ಎಲ್ಲಿಂದ ಹಿಡಿದುಕೊಳ್ಳುವುದು ಎಂಬುದು ಅವರ ಚಿಂತೆ. ಧೈರ್ಯ ಹೇಳುವ ಬದಲು, ಮರೆತಾಗ ಏನು ಮಾಡಬೇಕೆಂಬುದನ್ನು ಮೊದಲೇ ಅಭ್ಯಾಸ ಮಾಡಿಸಿದ ತರಬೇತುದಾರರು ಗೆಲ್ಲುತ್ತಾರೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಈ ವಿಚಾರಕ್ಕೆ 1977ರಲ್ಲಿ ಒಂದು ಸ್ಪಷ್ಟ ಚೌಕಟ್ಟು ಕೊಟ್ಟರು. ಒಂದು ನಿರ್ದಿಷ್ಟ ಕೆಲಸವನ್ನು ತಾನು ಮಾಡಬಲ್ಲೆ ಎಂಬ ನಂಬಿಕೆ ನಾಲ್ಕು ಮೂಲಗಳಿಂದ ಬರುತ್ತದೆ ಎಂದು ಅವರು ಹೇಳಿದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ಬೇರೆಯವರ ಒತ್ತಾಸೆಯ ಮಾತು, ಮತ್ತು ಎದೆಬಡಿತ, ನಡುಕದಂತಹ ದೇಹದ ಸೂಚನೆಗಳನ್ನು ಅರ್ಥಮಾಡಿಕೊಳ್ಳುವ ರೀತಿ. ಇವುಗಳಲ್ಲಿ ಮೊದಲನೆಯದು ಎಲ್ಲಕ್ಕಿಂತ ಪ್ರಬಲ. ಇದಕ್ಕೂ ಮೊದಲು, 1969ರಲ್ಲಿ, ಅವರು ಸಹೋದ್ಯೋಗಿಗಳೊಂದಿಗೆ ಹಾವಿನ ತೀವ್ರ ಭಯವಿದ್ದವರ ಮೇಲೆ ಮಾಡಿದ ಪ್ರಯೋಗವೊಂದನ್ನು ಪ್ರಕಟಿಸಿದ್ದರು. ಬೇರೆಯವರು ಹಾವನ್ನು ಮುಟ್ಟುವುದನ್ನು ಚಿತ್ರದಲ್ಲಿ ನೋಡಿದವರಿಗೂ ಅನುಕೂಲವಾಯಿತು. ಆದರೆ ಮಾರ್ಗದರ್ಶಕರ ಸಹಾಯದಿಂದ ಒಂದೊಂದೇ ಹೆಜ್ಜೆ ಮುಂದಿಟ್ಟು, ಮೊದಲು ಕೈಗವಸು ಹಾಕಿಕೊಂಡು, ಆಮೇಲೆ ಬರಿಗೈಯಲ್ಲಿ ತಾವೇ ಹಾವನ್ನು ಮುಟ್ಟಿದವರಲ್ಲಿ ಬಹುತೇಕ ಎಲ್ಲರ ಭಯವೂ ಹೋಯಿತು. ಬಂಡೂರ ಮುಂದೆ ಆಗಾಗ ನೆನಪಿಸಿಕೊಂಡ ಸಂಗತಿಯೆಂದರೆ, ಹೀಗೆ ಭಯ ಗೆದ್ದವರು ಬದುಕಿನ ಬೇರೆ ವಿಷಯಗಳಲ್ಲೂ ಹೊಸ ಪ್ರಯತ್ನಗಳಿಗೆ ಕೈಹಾಕಿದರು ಎಂಬುದು.

ನಾನು ಈ ಚೌಕಟ್ಟನ್ನು ಓದಿದ್ದು ಕಲಿಸಲು ಶುರುಮಾಡಿ ಬಹಳ ಕಾಲದ ನಂತರ. ಓದಿದಾಗ ಹೊಸತೆನಿಸಿದ್ದು ನಾಲ್ಕನೆಯ ಮೂಲ. ಜೋರಾಗಿ ಬಡಿಯುವ ಎದೆಯನ್ನು ಒಬ್ಬರು 'ನನ್ನಿಂದಾಗದು' ಎಂಬುದರ ಗುರುತಾಗಿ ಓದುತ್ತಾರೆ, ಇನ್ನೊಬ್ಬರು ದೇಹ ಕೆಲಸಕ್ಕೆ ಅಣಿಯಾಗುತ್ತಿರುವುದರ ಗುರುತಾಗಿ ಓದುತ್ತಾರೆ. ಆಳದ ತುದಿಗೆ ಮೊದಲ ಬಾರಿ ಹೋಗುವ ಮುನ್ನ ನಾನು ಈಗ ಕಲಿಯುವವರಿಗೆ ಮೊದಲೇ ತಿಳಿಸುತ್ತೇನೆ: ಎದೆ ಹೊಡೆದುಕೊಳ್ಳುತ್ತದೆ, ಎಲ್ಲರಿಗೂ ಹೊಡೆದುಕೊಳ್ಳುತ್ತದೆ, ಅದರಿಂದ ನೀವು ಏನನ್ನೂ ನಿರ್ಧರಿಸಬೇಕಾಗಿಲ್ಲ, ಉಸಿರನ್ನು ಮಾತ್ರ ನಿಧಾನವಾಗಿ ಬಿಡಿ. ಎರಡನೆಯ ಮೂಲವನ್ನು ಎಲ್ಲ ಒಳ್ಳೆಯ ತರಬೇತುದಾರರೂ ಹೆಸರು ಗೊತ್ತಿಲ್ಲದೆಯೇ ಬಳಸುತ್ತಾರೆ. ಹೊಸಬರಿಗೆ ನಾನು ಈಜಿ ತೋರಿಸುವುದಕ್ಕಿಂತ, ಕಳೆದ ತಿಂಗಳಷ್ಟೇ ಗೋಡೆ ಬಿಡಲು ಹೆದರುತ್ತಿದ್ದವರು ಅಷ್ಟೇನೂ ಅಂದವಿಲ್ಲದೆ ಈಜುವುದನ್ನು ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ. ನನ್ನ ಸಲೀಸುತನ ಅವರಿಗೆ ತಮ್ಮ ಮತ್ತು ನನ್ನ ನಡುವಿನ ದೂರವನ್ನಷ್ಟೇ ತೋರಿಸೀತು.

ಇನ್ನು ಹೊಗಳಿಕೆಯ ವಿಷಯ. ಆತ್ಮವಿಶ್ವಾಸ ಬೆಳೆಸುವುದೆಂದರೆ ಧಾರಾಳವಾಗಿ ಹೊಗಳುವುದು ಎಂಬ ತಿಳಿವಳಿಕೆ ಎಷ್ಟು ಬಲವಾಗಿದೆಯೆಂದರೆ, ತರಗತಿಯಲ್ಲಿ 'ವೆರಿ ಗುಡ್', 'ಸೂಪರ್' ಎಂಬ ಮಾತುಗಳು ಸತತವಾಗಿ ಕೇಳಿಸದಿದ್ದರೆ ಕೆಲವು ಪೋಷಕರು ಕಚೇರಿಗೆ ಹೋಗಿ ವಿಚಾರಿಸುವುದೂ ಉಂಟು. 1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ ಅದುವರೆಗಿನ ಅಧ್ಯಯನಗಳಿಂದ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಕಲಿಯುವವರಿಗೆ ಅವರ ಕೆಲಸದ ಬಗ್ಗೆ ಪ್ರತಿಕ್ರಿಯೆ ಕೊಡುವುದರಿಂದ ಸರಾಸರಿಯಲ್ಲಿ ಲಾಭವೇ ಆಗಿತ್ತು. ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಫಲಿತಾಂಶಗಳಲ್ಲಿ ಪ್ರತಿಕ್ರಿಯೆ ಕೊಟ್ಟ ಮೇಲೆ ಸಾಧನೆ ಕುಸಿದಿತ್ತು. ಗಮನವನ್ನು ಕೆಲಸದಿಂದ ಎಳೆದು ತನ್ನ ಮೇಲೆ, ತಾನು ಎಂಥವನು ಎಂಬುದರ ಮೇಲೆ ತಂದು ನಿಲ್ಲಿಸುವ ಪ್ರತಿಕ್ರಿಯೆ ಅಪಾಯಕಾರಿ ಎಂಬುದು ಅವರ ವಿವರಣೆ. ಅದು ಬೈಗುಳಕ್ಕೆ ಅನ್ವಯಿಸಿದಷ್ಟೇ ಹೊಗಳಿಕೆಗೂ ಅನ್ವಯಿಸುತ್ತದೆ. 'ನೀನು ಹುಟ್ಟು ಈಜುಗಾರ' ಎನಿಸಿಕೊಂಡ ಮಗು ಮುಂದಿನ ಸುತ್ತಿನಲ್ಲಿ ನೀರಿನ ಬಗ್ಗೆ ಯೋಚಿಸುವುದಿಲ್ಲ. ಆ ಬಿರುದನ್ನು ಉಳಿಸಿಕೊಳ್ಳುವುದು ಹೇಗೆಂದು ಯೋಚಿಸುತ್ತದೆ.

ಅಮೆರಿಕದ ಬಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್ ಅವರ ಅಭ್ಯಾಸಗಳನ್ನು 1974-75ರ ಋತುವಿನಲ್ಲಿ ಇಬ್ಬರು ಸಂಶೋಧಕರು, ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್, ಅಂಗಳದ ಪಕ್ಕ ಕುಳಿತು ದಾಖಲಿಸಿಕೊಂಡರು. ಹನ್ನೆರಡು ಋತುಗಳಲ್ಲಿ ಹತ್ತು ರಾಷ್ಟ್ರೀಯ ಕಾಲೇಜು ಪ್ರಶಸ್ತಿಗಳನ್ನು ಗೆದ್ದ ತಂಡದ ಗುರು ಅವರು. ದಾಖಲಾದ 2,326 ಬೋಧನೆಯ ಸಂದರ್ಭಗಳಲ್ಲಿ ಬಹುಪಾಲು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಚುಟುಕಾದ ಸೂಚನೆಗಳೇ ಆಗಿದ್ದವು. ಹೊಗಳಿಕೆಯೂ ಕಡಿಮೆ, ಬೈಗುಳವೂ ಕಡಿಮೆ. ಇದನ್ನು ಓದಿದಾಗ ನನಗೆ ದೊಡ್ಡ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಸ್ವಭಾವತಃ ನಾನು ಕೂಗಿ ಹುರಿದುಂಬಿಸುವ ಮನುಷ್ಯನಲ್ಲ. 'ಈ ಸಲ ಕೈ ನೀರಿಗೆ ಹೋಗುವ ಮೊದಲೇ ಉಸಿರು ತೆಗೆದುಕೊಂಡಿರಿ, ಅದಕ್ಕೇ ಕೊನೆಯವರೆಗೂ ಕಾಲು ಮೇಲೆ ಇತ್ತು' ಎಂಬಂಥ ಮಾತು ನನ್ನ ಬಾಯಿಂದ ಬರುವ ಅತಿ ದೊಡ್ಡ ಮೆಚ್ಚುಗೆ. ಅದರಲ್ಲಿ ಕಲಿಯುವವರಿಗೆ ಒಯ್ಯಲು ಏನೋ ಇರುತ್ತದೆ. ನಾಳೆ ನಾನಿಲ್ಲದಾಗಲೂ ಅದನ್ನು ಮತ್ತೆ ಮಾಡಿ ನೋಡಬಹುದು.

ಸೂಚನೆಯ ಮಾತುಗಳನ್ನು ಆರಿಸುವುದರಲ್ಲೂ ಬಹಳಷ್ಟಿದೆ. ಚಲನೆಯ ಕಲಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಗೇಬ್ರಿಯೆಲೆ ವುಲ್ಫ್ ಮತ್ತು ಅವರ ಜೊತೆಗಾರರು 2010ರಲ್ಲಿ ಈಜುಗಾರರ ಮೇಲೆ ನಡೆಸಿದ ಪ್ರಯೋಗದ ವರದಿ ಪ್ರಕಟಿಸಿದರು. ಫ್ರೀಸ್ಟೈಲ್ ಈಜುವಾಗ 'ಕೈಯನ್ನು ಹಿಂದಕ್ಕೆ ಎಳೆಯಿರಿ' ಎಂಬ ಸೂಚನೆಗಿಂತ 'ನೀರನ್ನು ಹಿಂದಕ್ಕೆ ತಳ್ಳಿರಿ' ಎಂಬ ಸೂಚನೆ ಸಿಕ್ಕಾಗ ಅವರು ಹೆಚ್ಚು ವೇಗವಾಗಿ ಈಜಿದರು. ಎರಡೂ ಸೂಚನೆಗಳು ಹೇಳುವ ಚಲನೆ ಒಂದೇ. ಗಮನ ಕೈಯ ಮೇಲಿದ್ದಾಗ ದೇಹ ತನ್ನನ್ನು ತಾನೇ ಕಾವಲು ಕಾಯತೊಡಗುತ್ತದೆ. ನೀರಿನ ಮೇಲಿದ್ದಾಗ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ಆತ್ಮವಿಶ್ವಾಸವಿಲ್ಲದವರ ಮುಖ್ಯ ತೊಂದರೆ ಇದೇ ಎಂದು ನನಗೆ ತೋರುತ್ತದೆ: ಅವರು ಯಾವಾಗಲೂ ತಮ್ಮನ್ನೇ ನೋಡಿಕೊಳ್ಳುತ್ತಿರುತ್ತಾರೆ. ಅವರ ಗಮನವನ್ನು ಮೃದುವಾಗಿ ಹೊರಗಿನ ವಸ್ತುವಿನ ಕಡೆಗೆ, ಎದುರಿನ ಗೋಡೆಯ ಕಡೆಗೆ, ಕೆಳಗಿನ ಕಪ್ಪು ಗೆರೆಯ ಕಡೆಗೆ ತಿರುಗಿಸಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಮಕ್ಕಳ ಸ್ಪರ್ಧಾ ತಂಡಗಳಲ್ಲಿ ಕೆಲಸ ಮಾಡಿದ ವರ್ಷಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಅಲ್ಲಿ ನನಗಿಂತ ಚೆನ್ನಾಗಿ ಕಲಿಸುವವರು ಅನೇಕರಿದ್ದಾರೆ. ಆದರೆ ಒಂದು ಅಂಕಿ ಮರೆಯುವಂಥದ್ದಲ್ಲ. ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಎಂಬ ಮನಃಶಾಸ್ತ್ರಜ್ಞರು ಮಕ್ಕಳ ಬೇಸ್‌ಬಾಲ್ ತಂಡಗಳ ತರಬೇತುದಾರರಿಗಾಗಿ ಒಂದು ಚಿಕ್ಕ ಶಿಬಿರವನ್ನು ರೂಪಿಸಿದ್ದರು. ಪ್ರಯತ್ನವನ್ನು ಗುರುತಿಸುವುದು, ತಪ್ಪಾದಾಗ ಶಿಕ್ಷಿಸದೆ ಸರಿಯಾದ ರೀತಿಯನ್ನು ತೋರಿಸುವುದು, ಗೆಲುವನ್ನೇ ಎಲ್ಲಕ್ಕೂ ಅಳತೆಯಾಗಿಸದಿರುವುದು, ಅದರಲ್ಲಿ ಇದ್ದದ್ದು ಹೆಚ್ಚುಕಡಿಮೆ ಇಷ್ಟೇ. 1992ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶಿಬಿರದಲ್ಲಿ ಕಲಿತ ತರಬೇತುದಾರರ ಬಳಿ ಆಡಿದ ಮಕ್ಕಳಲ್ಲಿ ಮುಂದಿನ ಋತುವಿಗೆ ಆಟ ಬಿಟ್ಟವರು ಶೇ 5. ಉಳಿದ ತರಬೇತುದಾರರ ಬಳಿ ಇದ್ದವರಲ್ಲಿ ಶೇ 26. ಎರಡೂ ಕಡೆಯ ತಂಡಗಳ ಸೋಲು ಗೆಲುವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅಂದರೆ ಮಕ್ಕಳು ಓಡಿಹೋಗುತ್ತಿದ್ದುದು ಸೋಲಿನಿಂದಲ್ಲ. ಆತ್ಮಗೌರವ ಕಡಿಮೆ ಇದ್ದ ಮಕ್ಕಳಿಗೆ ಇಂತಹ ತರಬೇತುದಾರರಿಂದ ಹೆಚ್ಚಿನ ಅನುಕೂಲವಾಗುತ್ತದೆ ಎಂಬುದು ಅದೇ ತಂಡದ ಇನ್ನೊಂದು ಕಾಣ್ಕೆ, ಮತ್ತು ನಾನು ಯಾವ ಗುಂಪನ್ನು ಆರಿಸಿಕೊಳ್ಳಬೇಕೆಂದು ನಿರ್ಧರಿಸುವುದರಲ್ಲಿ ಅದಕ್ಕೂ ಪಾಲಿದೆ.

ಸುಲಭ ಮಾಡಿಕೊಡುವುದರಿಂದ ಮಾತ್ರ ಆತ್ಮವಿಶ್ವಾಸ ಬೆಳೆಯುತ್ತದೆ ಎಂದು ಇದರಿಂದ ತಿಳಿಯಬಾರದು. ಮೈಕೆಲ್ ಫೆಲ್ಪ್ಸ್ ಹನ್ನೊಂದು ವರ್ಷದವರಿದ್ದಾಗಿನಿಂದ ಅವರ ತರಬೇತುದಾರರಾಗಿದ್ದ ಬಾಬ್ ಬೋಮನ್, ಒಂದು ಸಣ್ಣ ಸ್ಪರ್ಧೆಗೆ ಮುನ್ನ ಹುಡುಗನ ಗಾಗಲ್ಸ್ ಅನ್ನು ಬೇಕೆಂದೇ ತುಳಿದು ಬಿರುಕು ಬಿಡಿಸಿದ್ದರು. ನೀರು ತುಂಬಿಕೊಂಡ ಗಾಗಲ್ಸ್‌ನಲ್ಲೇ, ಏನೂ ಕಾಣದೆ, ಆತ ಅಂದು ಈಜಬೇಕಾಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಫೆಲ್ಪ್ಸ್ ಗಾಗಲ್ಸ್‌ನೊಳಗೆ ನಿಜವಾಗಿಯೇ ನೀರು ತುಂಬಿತು. ಗೋಡೆ ಕಾಣದಿದ್ದಾಗ ಅವರು ತಮ್ಮ ಸ್ಟ್ರೋಕ್‌ಗಳನ್ನು ಎಣಿಸಿಕೊಂಡು ಈಜಿ, 1 ನಿಮಿಷ 52.03 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಈ ಕಥೆಯನ್ನು ಕಠೋರ ತರಬೇತಿಯ ಸಮರ್ಥನೆಗಾಗಿ ಬಳಸುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಬೋಮನ್ ಗಾಗಲ್ಸ್ ಒಡೆದದ್ದು ಸೋತರೂ ನಷ್ಟವಿಲ್ಲದ ಜಾಗದಲ್ಲಿ, ಅದೂ ಬಟರ್‌ಫ್ಲೈ ಈಜುವುದರಲ್ಲಿ ಪಳಗಿದ್ದ ಹುಡುಗನ ಕೈಯಲ್ಲಿ. ಎದೆಮಟ್ಟದ ನೀರಿನಲ್ಲಿ ಎದ್ದು ನಿಲ್ಲುವುದನ್ನು ಕಲಿಸುವುದು ಮತ್ತು ಕಾಣದೆ ಈಜುವುದನ್ನು ಕಲಿಸುವುದು ಒಂದೇ ಜಾತಿಯ ಪಾಠಗಳು. ಎಡವಟ್ಟು ನಿಜವಾಗಿ ಬರುವ ಮೊದಲೇ ಅದನ್ನು ಸಣ್ಣದಾಗಿ ಭೇಟಿಮಾಡಿಸುವ ಪಾಠ ಅದು. ನನ್ನ ದೊಡ್ಡವರ ತರಗತಿಯಲ್ಲಿ ಇದರ ರೂಪ ಬಹಳ ಸಾಧಾರಣವಾದದ್ದು. ಒಂದಷ್ಟು ಈಜು ಬಂದ ಮೇಲೆ, ಮೊದಲೇ ಹೇಳಿ, ಒಪ್ಪಿಗೆ ಪಡೆದು, ಪಕ್ಕದ ಲೇನಿನಿಂದ ಅಲೆ ಎಬ್ಬಿಸುತ್ತೇನೆ. ಮೂಗಿಗೆ ನೀರು ಹೋಗುತ್ತದೆ, ಕೆಮ್ಮು ಬರುತ್ತದೆ, ಬೆನ್ನ ಮೇಲೆ ತಿರುಗಿ ಸುಧಾರಿಸಿಕೊಂಡು ಮುಂದೆ ಹೋಗುವುದನ್ನು ಅಭ್ಯಾಸ ಮಾಡುತ್ತೇವೆ.

ನೀರಿನ ತರಬೇತುದಾರನಿಗೆ ಇನ್ನೊಂದು ಎಚ್ಚರ ಇರಲೇಬೇಕು. ಉಳಿದ ಎಷ್ಟೋ ವಿದ್ಯೆಗಳಲ್ಲಿ ಸಾಮರ್ಥ್ಯಕ್ಕಿಂತ ಆತ್ಮವಿಶ್ವಾಸ ಹೆಚ್ಚಾದರೆ ಮುಜುಗರವಾಗುತ್ತದೆ, ಇಲ್ಲಿ ಜೀವ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಈಜುಕೊಳದಲ್ಲಿ 25 ಮೀಟರ್ ದಾಟಿದವರಿಗೆ ನಾನು ಅಭಿನಂದನೆ ಹೇಳುವ ದಿನವೇ, ಹರಿಯುವ ನೀರು, ಕಾಣದ ಆಳ, ತಣ್ಣನೆಯ ನೀರು ಇವು ಬೇರೆಯೇ ಲೆಕ್ಕ ಎಂಬುದನ್ನೂ ಹೇಳುತ್ತೇನೆ. ದೀರ್ಘವಾಗಿ, ಬೇಗ ಬೇಗ ಉಸಿರೆಳೆದುಕೊಂಡು ನೀರಿನಡಿಯಲ್ಲಿ ಎಷ್ಟು ಹೊತ್ತು ಇರಬಲ್ಲೆ ಎಂದು ಪಂದ್ಯ ಕಟ್ಟುವ ಹುಡುಗರನ್ನು ಕಂಡರೆ ಅಲ್ಲೇ ತಡೆಯುತ್ತೇನೆ. ಹಾಗೆ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಮಟ್ಟ ಮೊದಲೇ ಇಳಿದಿರುತ್ತದೆ, ಉಸಿರಾಡಬೇಕೆಂಬ ಎಚ್ಚರಿಕೆ ತಡವಾಗುತ್ತದೆ, ಅಷ್ಟರಲ್ಲಿ ಆಮ್ಲಜನಕ ಮುಗಿದು ಪ್ರಜ್ಞೆ ತಪ್ಪಬಹುದು. ತನ್ನ ಮಿತಿ ಎಲ್ಲಿದೆ ಎಂದು ಖಚಿತವಾಗಿ ಗೊತ್ತಿರುವುದೂ ಆತ್ಮವಿಶ್ವಾಸದ ಭಾಗವೇ. 'ಇವತ್ತು ನಾನು ಅಲ್ಲಿಗೆ ಹೋಗುವುದಿಲ್ಲ' ಎಂದು ನಾಲ್ಕು ಜನರ ಮುಂದೆ ಹೇಳಬಲ್ಲವರನ್ನು ಕಂಡರೆ ನನಗೆ ಹೆಚ್ಚು ನಂಬಿಕೆ.

ಈ ಕೆಲಸದಲ್ಲಿ ಮನಸ್ಸಿಗೆ ಒಗ್ಗದ ಸಂಗತಿಗಳೂ ಇವೆ. ಅವುಗಳಲ್ಲಿ ದೊಡ್ಡದು, ಕೆಲಸ ಚೆನ್ನಾಗಿ ಆದಷ್ಟೂ ನಮ್ಮ ಗುರುತು ಅಳಿಯುತ್ತ ಹೋಗುವುದು. ಈಜು ಬಂದವರು ಹೊರಟುಹೋಗುತ್ತಾರೆ, ಬರದಿದ್ದವರೂ ಹೊರಟುಹೋಗುತ್ತಾರೆ. ಮೊದಲನೆಯವರು ಕೆಲಕಾಲದ ನಂತರ ತಾವು ಹೆದರುತ್ತಿದ್ದುದನ್ನೇ ಮರೆತುಬಿಡುತ್ತಾರೆ. 'ನನಗೆ ಮೊದಲಿಂದಲೂ ನೀರೆಂದರೆ ಇಷ್ಟ' ಎಂದು ಒಬ್ಬರು ಪಕ್ಕದವರಿಗೆ ಹೇಳುವುದನ್ನು ಕೇಳಿಸಿಕೊಂಡು ಸುಮ್ಮನಿರಬೇಕಾಗುತ್ತದೆ. ಮೊದಮೊದಲು ಇದು ಚುಚ್ಚುತ್ತಿತ್ತು. ಈಗ ಅದನ್ನು ಕೆಲಸ ಪೂರ್ತಿಯಾದದ್ದರ ಲಕ್ಷಣವೆಂದು ಎಣಿಸುತ್ತೇನೆ. ತಾನು ಕಲಿತದ್ದು ತರಬೇತುದಾರನ ದಯೆ ಎಂದುಕೊಂಡಿರುವವರು ಆ ತರಬೇತುದಾರ ಇಲ್ಲದ ಕಡೆ ಮತ್ತೆ ಅಂಜುತ್ತಾರೆ. ತಾನೇ ಕಲಿತೆ ಎಂದುಕೊಂಡವರು ಅಂಜುವುದಿಲ್ಲ. ಹೆಸರು ಬೇಕೆನ್ನುವವರಿಗೆ ಈ ವೃತ್ತಿಯ ಬೇರೆ ಮೂಲೆಗಳಿವೆ, ಪದಕಗಳಿರುವ ಮೂಲೆಗಳು. ಅಲ್ಲಿಗೆ ಹೋಗುವುದರಲ್ಲಿ ತಪ್ಪೇನಿಲ್ಲ.

ಕಲಿಯದೆ ಹೋಗುವವರ ವಿಷಯಕ್ಕೆ ಮಾತ್ರ ನಾನು ಇನ್ನೂ ಒಗ್ಗಿಕೊಂಡಿಲ್ಲ. ಚಿಕ್ಕಂದಿನಲ್ಲಿ ಯಾರೋ ತಮಾಷೆಗೆಂದು ನೀರಿಗೆ ತಳ್ಳಿದ್ದನ್ನು ಮೈಯಲ್ಲಿ ಹೊತ್ತುಕೊಂಡು ಬಂದವರಿರುತ್ತಾರೆ. ಅವರ ಪಾಲಿಗೆ ಗೋಡೆಯ ಹಿಡಿಯಿಂದ ಒಂದು ಬೆರಳನ್ನು ಬಿಡಿಸುವುದೇ ಒಂದು ತಿಂಗಳ ಕೆಲಸ, ಮತ್ತು ಆ ತಿಂಗಳ ಕೊನೆಯಲ್ಲಿ ಅವರು ಇಷ್ಟು ನಿಧಾನವಾದದ್ದಕ್ಕೆ ನಾಚಿಕೊಂಡು ಬರುವುದನ್ನು ನಿಲ್ಲಿಸಿಬಿಡುತ್ತಾರೆ. ಗುಂಪಿನ ಉಳಿದವರೊಂದಿಗೆ ಹೋಲಿಸಿಕೊಳ್ಳದಂತೆ ಅವರನ್ನು ಬೇರೆ ಹೊತ್ತಿಗೆ ಕರೆಸಿದರೆ ಕೆಲವರು ಉಳಿಯುತ್ತಾರೆ, ಕೆಲವರಿಗೆ ಹಾಗೆ ಬೇರೆ ಮಾಡಿದ್ದೇ ಅವಮಾನವಾಗುತ್ತದೆ. ಎರಡರಲ್ಲಿ ಯಾವುದು ಯಾರಿಗೆ ಎಂಬುದನ್ನು ಮೊದಲೇ ಹೇಳಬಲ್ಲ ಯಾವ ಸೂತ್ರವೂ ನನ್ನಲ್ಲಿಲ್ಲ. ಮೊದಲ ದಿನವೇ ಅವರಿಗೆ ಆಯ್ಕೆ ಕೊಟ್ಟು ಕೇಳಿಬಿಡುವುದು ಈಗಿನ ನನ್ನ ರೂಢಿ.

ಇತ್ತೀಚಿನ ವರ್ಷಗಳಲ್ಲಿ ನನ್ನ ಸಮಯದ ಒಂದು ಪಾಲು ಹೊಸ ತರಬೇತುದಾರರನ್ನು ತಯಾರು ಮಾಡುವುದರಲ್ಲಿ ಹೋಗುತ್ತಿದೆ. ಬರುವವರಲ್ಲಿ ಹೆಚ್ಚಿನವರು ಒಳ್ಳೆಯ ಈಜುಗಾರರು, ಸ್ಪರ್ಧೆಗಳಲ್ಲಿ ಗೆದ್ದವರು, ವೇಗದ ಗುಂಪನ್ನು ತಮಗೆ ಕೊಡಲಿ ಎಂದು ಆಸೆಪಡುವವರು. ನಾನು ಅವರಿಗೆ ಮೊದಲು ಕೊಡುವುದು ನೀರನ್ನು ಕಂಡರೆ ಹಿಂದೆ ಸರಿಯುವ ದೊಡ್ಡವರ ಗುಂಪನ್ನು. ಸ್ಟ್ರೋಕ್ ತಿದ್ದುವುದರಲ್ಲಿ ಎಷ್ಟೇ ನಿಪುಣರಾದರೂ ಅಲ್ಲಿ ತಿದ್ದಲು ಸ್ಟ್ರೋಕೇ ಇರುವುದಿಲ್ಲ. ನೋಡುವುದನ್ನು ಮತ್ತು ಕಾಯುವುದನ್ನು ಬಿಟ್ಟು ಬೇರೆ ಉಪಾಯವೂ ಇರುವುದಿಲ್ಲ. ಕೆಲವರು ಒಂದೆರಡು ವಾರದಲ್ಲಿ ಬೇರೆ ಗುಂಪು ಕೇಳುತ್ತಾರೆ, ಕೊಡುತ್ತೇನೆ, ಅವರು ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಾರೆ. ಅಪರೂಪಕ್ಕೆ ಯಾರಾದರೂ ತರಗತಿ ಮುಗಿದ ಮೇಲೂ ನಿಂತು, 'ಮೂರನೆಯವರು ಇವತ್ತು ತಲೆ ಎತ್ತುವ ಮೊದಲು ಉಸಿರು ಬಿಟ್ಟರು, ನೀವು ನೋಡಿದಿರಾ?' ಎಂದು ಕೇಳುತ್ತಾರೆ. ಅಂಥವರಿಗೆ ಮುಂದಿನ ತಿಂಗಳೂ ಅದೇ ಗುಂಪನ್ನು ಕೊಡುತ್ತೇನೆ.